ನನ್ನ ಆನೆ ನನ್ನವರನ್ನೇ ತುಳಿದ ಕಥೆ

ಮೊದಲೇ ಹೇಳ್ಬಿಡ್ತೀನಿ, ಆಟ ಅಂದ್ರೆ ನನಗೆ ಗೊತ್ತಿದ್ದಿದ್ದು ಚೌಕಾಬಾರ, ಕೇರಂ, ಹಾವು ಏಣಿ, ಮತ್ತೆ ಸೋದರಮಾವ ಕಲಿಸಿದ ಚೆಸ್ಸು, ಅದೂ ಕುದುರೆ ಎಲ್ಲಿಗೆ ಹಾರುತ್ತೆ ಅನ್ನೋ ಮಟ್ಟಕ್ಕೆ ಅಷ್ಟೇ. ನಲವತ್ತು ದಾಟಿದ್ಮೇಲೆ ಇಂಗ್ಲೆಂಡಲ್ಲಿ ಒಂದು ಹಾಲ್‌ನಲ್ಲಿ ಕೂತ್ಕೊಂಡು ಹೆಬ್ಬೆರಳಿನ ಉಗುರಿನಷ್ಟಿರೋ ಲೋಹದ ಸೈನಿಕರನ್ನ ಸ್ಕೇಲ್ ಇಟ್ಟು ಅಳೆದು ಸರಿಸ್ತಾ, ಎದುರಿಗಿರೋ ಎಪ್ಪತ್ತು ದಾಟಿದ ಮನುಷ್ಯನ ಹತ್ರ "ಇಲ್ಲ ಇಲ್ಲ, ಮೂಲೆಗೆ ಮೂಲೆ ತಾಗಿದೆ ನೋಡಿ" ಅಂತ ವಾದ ಮಾಡ್ತೀನಿ ಅಂತ ಯಾರಾದ್ರೂ ಹೇಳಿದ್ರೆ ಅವರಿಗೇ ಜ್ವರ ಬಂದಿದೆ ಅನ್ಕೋತಿದ್ದೆ.

ನಮ್ಮೂರು ಸಕಲೇಶಪುರದ ಹತ್ರ. ಕೆಲಸದ ಮೇಲೆ ಬಂದು ನೆಲೆ ನಿಂತಿದ್ದು ನಾಟಿಂಗ್‌ಹ್ಯಾಮ್‌ನಲ್ಲಿ. ಈ ಊರಿನ ಸುತ್ತಮುತ್ತ ಗೊಂಬೆ ಸೈನಿಕರನ್ನ ಎರಕ ಹೊಯ್ಯೋ ಕಂಪನಿಗಳು ಎಷ್ಟಿವೆ ಅಂದ್ರೆ ಈ ಆಟ ಆಡೋರು ಈ ಏರಿಯಾಗೆ ಲೆಡ್ ಬೆಲ್ಟ್ ಅಂತ್ಲೇ ಅಡ್ಡಹೆಸರು ಇಟ್ಟಿದ್ದಾರೆ, ಅಂದ್ರೆ ಸೀಸದ ಸೀಮೆ. ನಾನು ಬಂದು ಮೂರು ವರ್ಷ ಆದ್ರೂ ನನಗೆ ಇದರ ಗಂಧಗಾಳಿ ಇರ್ಲಿಲ್ಲ. ಮಗಳನ್ನ ಮಂಗಳವಾರ ಸಾಯಂಕಾಲ ಬ್ಯಾಡ್ಮಿಂಟನ್ ಕ್ಲಾಸಿಗೆ ಬಿಡೋಕೆ ಹೋಗ್ತಿದ್ದೆ, ಒಂದೂವರೆ ಗಂಟೆ ಕಾಯ್ಬೇಕು, ಕಾರಲ್ಲಿ ಕೂತ್ರೆ ಚಳಿ, ಒಳಗೆ ಕೂತ್ರೆ ಬೇರೆ ಅಪ್ಪ ಅಮ್ಮಂದಿರ ಜೊತೆ ಮನೆ ಸಾಲದ ಬಡ್ಡಿ ಬಗ್ಗೆ ಮಾತಾಡ್ಬೇಕು. ಒಂದಿನ ಟಾಯ್ಲೆಟ್ ಹುಡುಕ್ತಾ ತಪ್ಪು ಬಾಗಿಲು ತೆಗೆದೆ. ಒಳಗೆ ಹತ್ತು ಹದಿನೈದು ಜನ ಗಂಡಸರು, ಹೆಚ್ಚಿನವರು ವಯಸ್ಸಾದವರು, ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ, ಪುಟ್ಟ ಪುಟ್ಟ ಬೆಟ್ಟ ಇಟ್ಟು, ಸೈನ್ಯ ನಿಲ್ಲಿಸ್ಕೊಂಡು ಗಂಭೀರವಾಗಿ ನಿಂತಿದ್ದಾರೆ. ಮದುವೆ ಮನೆಗೆ ಕರೀದೆ ನುಗ್ಗಿದಂಗಾಯ್ತು. ಬಾಗಿಲು ಮುಚ್ಚೋಣ ಅನ್ನೋಷ್ಟರಲ್ಲಿ ಮೂಲೆಯಲ್ಲಿ ಒಬ್ಬರೇ ಕೂತಿದ್ದ ಅಜ್ಜ "ಏ ಅಪ್ ಮಿ ಡಕ್" ಅಂದ್ರು, ಇಲ್ಲಿನ ಕಡೆ ಹಂಗೇ ಕರೆಯೋದು, ಬಾತುಕೋಳಿಗೂ ಅದಕ್ಕೂ ಏನೂ ಸಂಬಂಧ ಇಲ್ಲ. ಅವರ ಜೊತೆ ಆಡ್ಬೇಕಾದವರು ಬಂದಿರ್ಲಿಲ್ಲ. ನೋಡ್ತೀಯಾ ಆಡ್ತೀಯಾ ಅಂದ್ರು. ನೋಡ್ತೀನಿ ಅಂದೆ. ಹತ್ತು ನಿಮಿಷದಲ್ಲಿ ಕೈಯಲ್ಲಿ ದಾಳ ಇತ್ತು.

ಅವರು ಆಡ್ತಿದ್ದಿದ್ದು ಡಿಬಿಎ. ಪೂರ್ತಿ ಹೆಸರು ಲ್ಯಾಟಿನ್‌ನಲ್ಲಿದೆ, ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್, ಪ್ರಾಚೀನ ಕಾಲದ ಯುದ್ಧಗಳ ಬಗ್ಗೆ ಅಂತೇನೋ ಅರ್ಥ. 1990ರಲ್ಲಿ ವಾರ್‌ಗೇಮ್ಸ್ ರಿಸರ್ಚ್ ಗ್ರೂಪ್ ಅನ್ನೋ ಇಂಗ್ಲೆಂಡಿನ ತಂಡ ಹೊರತಂದ ನಿಯಮಾವಳಿ, ಫಿಲ್ ಬಾರ್ಕರ್ ಮತ್ತೆ ಅವರ ಜೊತೆಗಾರರು ಬರೆದಿದ್ದು. ಆಮೇಲೆ ಹೊಸ ಹೊಸ ಆವೃತ್ತಿ ಬಂದಿವೆ, ಈ ಅಜ್ಜ ಮಾತ್ರ 2.2 ಬಿಟ್ಟು ಅಲ್ಲಾಡಲ್ಲ. ಉಳಿದ ಮೇಜುಗಳ ಮೇಲೆ ನೆಪೋಲಿಯನ್ ಕಾಲದ ನೂರಾರು ಸೈನಿಕರು, ಒಂದು ಆಟ ಮುಗಿಯೋಕೆ ಪೂರ್ತಿ ಸಂಜೆ ಬೇಕು, ಕೆಲವು ಸಲ ಮುಂದಿನ ವಾರಕ್ಕೂ ಹೋಗುತ್ತಂತೆ. ಡಿಬಿಎ ಹಂಗಲ್ಲ. ಎರಡಡಿ ಚದರದ ಒಂದು ಬೋರ್ಡು, ಒಬ್ಬೊಬ್ಬರಿಗೆ ಹನ್ನೆರಡೇ ತುಂಡು, ಒಂದು ಗಂಟೆ ಒಳಗೆ ಸೋಲೋ ಗೆಲುವೋ ಮುಗೀತು. ಮಗಳ ಕ್ಲಾಸ್ ಟೈಮಿಗೆ ಹೇಳಿ ಮಾಡಿಸಿದಂಗೆ.

ಹನ್ನೆರಡು ತುಂಡು ಅಂದ್ನಲ್ಲ, ಅದಕ್ಕೆ ಎಲಿಮೆಂಟ್ ಅಂತಾರೆ. ಒಂದೊಂದು ತುಂಡೂ ಒಂದು ಸಣ್ಣ ಆಯತದ ಬೇಸು, 15 ಮಿಲಿಮೀಟರ್ ಗೊಂಬೆಗಾದ್ರೆ ಅಗಲ ಕರೆಕ್ಟಾಗಿ 40 ಮಿಲಿಮೀಟರ್. ಅದರ ಮೇಲೆ ಕತ್ತಿ ಹಿಡಿದವರಾದ್ರೆ ನಾಲ್ಕು ಜನ ಒತ್ತೊತ್ತಾಗಿ, ಕುದುರೆ ಆದ್ರೆ ಮೂರು, ಚೆಲ್ಲಾಪಿಲ್ಲಿ ಓಡಾಡಿ ಈಟಿ ಎಸೆಯೋ ಹಗುರ ಕಾಲಾಳು ಆದ್ರೆ ಎರಡೇ, ಇವರಿಗೆ ಸೈಲಾಯ್ ಅಂತ ಗ್ರೀಕ್ ಹೆಸರು, ನೆನಪಿಟ್ಕೊಳ್ಳಿ ಇವರು ಕಥೆಯಲ್ಲಿ ಮತ್ತೆ ಬರ್ತಾರೆ. ಆನೆ ಆದ್ರೆ ಒಂದೇ ಒಂದು.

ಮೊದಲನೇ ದಿನ ಅಜ್ಜ ಹನ್ನೆರಡು ಕೊಡ್ಲಿಲ್ಲ. ನಾಲ್ಕು ರೋಮನ್ ನನಗೆ, ನಾಲ್ಕು ರೋಮನ್ ಅವರಿಗೆ. ಸೀಸರ್ ಮತ್ತೆ ಪಾಂಪೆ ತಮ್ಮತಮ್ಮಲ್ಲೇ ಬಡಿದಾಡಿದ್ರಲ್ಲ ಕ್ರಿ.ಪೂ. 48ರಲ್ಲಿ, ಹಂಗನ್ಕೋ ಅಂದ್ರು. ಕತ್ತಿಯವರಿಗೆ ಇನ್ನೊಬ್ಬ ಕಾಲಾಳಿನ ಮೇಲೆ ಅಂಕಿ 5. ಇಬ್ಬರೂ ಒಂದೊಂದು ದಾಳ ಹಾಕಿ ಅಂಕಿಗೆ ಕೂಡಿಸ್ಬೇಕು. ಕಮ್ಮಿ ಬಂದವನು ಹಿಂದೆ ಸರೀತಾನೆ. ಎದುರಾಳಿಯ ಮೊತ್ತದ ಅರ್ಧ ಅಥವಾ ಅದಕ್ಕಿಂತ ಕಮ್ಮಿ ಬಂದ್ರೆ ಸತ್ತ, ಬೋರ್ಡಿಂದ ಎತ್ತಿಡ್ಬೇಕು. ಇಷ್ಟೇನಾ ಅನ್ಕೊಂಡೆ. ನಾನು 1 ಹಾಕ್ದೆ, ಅವರು 6. ನಂದು 6 ಆಯ್ತು, ಅವರದು 11. ಸತ್ತೆ ಅಂತ ನಾನೇ ಗೊಂಬೆ ಎತ್ತೋಕೆ ಹೋದ್ರೆ ಅಜ್ಜ ಕೈ ಹಿಡಿದ್ರು. ಹನ್ನೊಂದರ ಅರ್ಧ ಎಷ್ಟು? ಐದೂವರೆ. ನಿಂದು ಆರು. ಬದುಕಿದ್ದೀಯ, ಹಿಂದೆ ಸರಿ ಅಷ್ಟೇ.

ಆಮೇಲೆ ಅವರು ತಮ್ಮ ಇನ್ನೊಂದು ತುಂಡನ್ನ ಮೆಲ್ಲಗೆ ಸರಿಸಿ ನನ್ನವನ ಪಕ್ಕದ ಖಾಲಿ ಜಾಗದಲ್ಲಿ ನಿಲ್ಲಿಸಿದ್ರು, ಭುಜಕ್ಕೆ ಭುಜ ತಾಗೋ ಹಂಗೆ. ಇದು ಓವರ್‌ಲ್ಯಾಪ್, ಇದಕ್ಕೆ ನಿನಗೆ ಒಂದು ಅಂಕಿ ಕಟ್ ಅಂದ್ರು. ಒಂದು ತಾನೆ, ಹೋಗ್ಲಿ ಅಂದೆ. ಈಗ ಅದೇ ದಾಳ ಬಿದ್ರೆ ಲೆಕ್ಕ ಹಾಕು ಅಂದ್ರು. 5 ಕೂಡಿಸು 1 ಕಳೆ 1, ಐದು. ಹನ್ನೊಂದರ ಅರ್ಧಕ್ಕಿಂತ ಕಮ್ಮಿ. ಸತ್ತ. ಅಂದ್ರೆ ಕತ್ತಿಯವನು ಕತ್ತಿಯವನ ಎದುರಿಗೆ ನೆಟ್ಟಗೆ ನಿಂತಿದ್ರೆ ಎಷ್ಟೇ ಕೆಟ್ಟ ದಾಳ ಬಿದ್ರೂ ಸಾಯಲ್ಲ, ಪಕ್ಕ ಖಾಲಿ ಬಿಟ್ರೆ ಸಾಯ್ತಾನೆ. ಸಾಲು ಕೆಡಬಾರದು ಅಂತ ರೋಮನ್ನರು ಯಾಕೆ ಅಷ್ಟು ತಲೆಕೆಡಿಸಿಕೊಳ್ತಿದ್ರು ಅಂತ ಯಾವ ಇತಿಹಾಸದ ಮೇಷ್ಟ್ರೂ ನನಗೆ ಹಿಂಗೆ ಹೇಳಿರ್ಲಿಲ್ಲ. ಅವತ್ತು ಮಗಳು ಬಂದು "ಅಪ್ಪಾ, ಎಲ್ಲಾ ಹೋದ್ರು, ನೀನೊಬ್ಬನೇ ಬಾಕಿ" ಅಂತ ಕರೆದಾಗ ಗೊತ್ತಾಯ್ತು ಟೈಮು.

ಸರಿ, ಹುಚ್ಚು ಹಿಡೀತು, ನಿಯಮದ ಪುಸ್ತಕ ತರಿಸ್ದೆ. ಅಲ್ಲಿ ಶುರುವಾಯ್ತು ನೋಡಿ ಪಜೀತಿ. ತೆಳ್ಳಗಿನ ಪುಸ್ತಕ, ನಿಯಮಗಳು ಕೆಲವೇ ಪುಟ, ಉಳಿದಿದ್ದೆಲ್ಲಾ ಯಾವ ಸೈನ್ಯದಲ್ಲಿ ಏನೇನಿತ್ತು ಅನ್ನೋ ಪಟ್ಟಿ, ಕ್ರಿ.ಪೂ. 3000ದಿಂದ ಕ್ರಿ.ಶ. 1500ರ ತನಕ. ಆದ್ರೆ ಆ ಕೆಲವೇ ಪುಟಗಳಲ್ಲಿ ಒಂದು ಪದ ಹೆಚ್ಚಿಲ್ಲ ಒಂದು ಪದ ಕಮ್ಮಿಯಿಲ್ಲ, ಒಂದು ವಾಕ್ಯದೊಳಗೆ ಎರಡು "ಆದಲ್ಲಿ" ಮೂರು "ಹೊರತು", ಉದಾಹರಣೆ ಅಂತೂ ಬಹಳ ಕಮ್ಮಿ. ಈ ಶೈಲಿಗೆ ಆಟಗಾರರು ಪ್ರೀತಿಯಿಂದ ಬಾರ್ಕರೀಸ್ ಅಂತ ಒಂದು ಭಾಷೆಯ ಹೆಸರೇ ಇಟ್ಬಿಟ್ಟಿದ್ದಾರೆ. ನನಗೆ ಮಾತ್ರ ಓದ್ತಾ ಓದ್ತಾ ನಮ್ಮ ತಾತನ ಕಾಲದ ಕ್ರಯಪತ್ರ ನೆನಪಾಯ್ತು, ಸದರಿ ಸ್ವತ್ತಿಗೆ ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ, ಇದರ ನಡುವೆ ಇರುವ ಅಂತ ಬರುತ್ತಲ್ಲ, ಒಂದು ಸಲ ಓದಿದ್ರೆ ತಲೆಬುಡ ಇಲ್ಲ, ಜಮೀನಿನ ಮೇಲೆ ನಿಂತು ಓದಿದ್ರೆ ಮಾತ್ರ ಎಲ್ಲಾ ಕರೆಕ್ಟು. ಹಂಗೇ ಇದೂನೂ. ಸೋಫಾ ಮೇಲೆ ಕೂತು ಓದಿದ್ರೆ ನಿದ್ದೆ ಬರುತ್ತೆ. ಕೊನೆಗೆ ರಟ್ಟು ಕತ್ತರಿಸಿ 40 ಮಿಲಿಮೀಟರ್ ತುಂಡು ಮಾಡ್ಕೊಂಡು, ಮೇಲೆ ಬಿಲ್ಲು, ಕುದುರೆ ಅಂತ ಪೆನ್ನಲ್ಲಿ ಬರೆದು, ಡೈನಿಂಗ್ ಟೇಬಲ್ ಮೇಲೆ ಇಟ್ಟು ಒಂದೊಂದೇ ವಾಕ್ಯ ಆಡಿ ನೋಡ್ದೆ. ಹೆಂಡತಿ ಒಗ್ಗರಣೆ ಹಾಕ್ತಾ ಹಾಕ್ತಾ ತಿರುಗಿ ನೋಡಿ ಏನೂ ಹೇಳ್ಲಿಲ್ಲ, ಅದು ಬೈದಿದ್ದಕ್ಕಿಂತ ಜಾಸ್ತಿ.

ಹೊಸಬರಿಗೆ ಎಲ್ಲರಿಗೂ ಹಿಂಗೇ ಆಗುತ್ತೋ ಏನೋ, ನಾನು ಮಾಡಿದ ತಪ್ಪುಗಳಲ್ಲಿ ದೊಡ್ಡದು ಯುದ್ಧ ಅಂದ್ರೆ ಹೊಡೆದಾಟ ಅಂತ ಅನ್ಕೊಂಡಿದ್ದು. ಯಾವುದರ ಅಂಕಿ ಜಾಸ್ತಿ ಅದನ್ನ ಮುಂದೆ ತಳ್ಳೋದು, ಗೆಲ್ಲೋದು. ಆದ್ರೆ ಈ ಆಟದ ಜೀವ ಇರೋದು ಇನ್ನೊಂದು ದಾಳದಲ್ಲಿ. ನಿಮ್ಮ ಸರದಿ ಬಂದಾಗ, ಅದಕ್ಕೆ ಬೌಂಡ್ ಅಂತಾರೆ, ಮೊದಲು ಒಂದು ದಾಳ ಹಾಕ್ಬೇಕು. ಎಷ್ಟು ಬೀಳುತ್ತೋ ಅಷ್ಟು ಪಿಪ್. ಒಂದು ತುಂಡನ್ನ ಸರಿಸೋಕೆ ಒಂದು ಪಿಪ್ ಖರ್ಚು. ಒಂದಕ್ಕೊಂದು ಅಂಟಿಕೊಂಡು ಒಂದೇ ಕಡೆ ಮುಖ ಮಾಡಿ ನಿಂತಿದ್ರೆ ಗುಂಪು, ಇಡೀ ಗುಂಪಿಗೂ ಒಂದೇ ಪಿಪ್ಪು. 6 ಬಿದ್ರೆ ರಾಜ. 1 ಬಿದ್ರೆ ಹನ್ನೆರಡು ತುಂಡಲ್ಲಿ ಒಂದಕ್ಕೋ ಒಂದು ಗುಂಪಿಗೋ ಮಾತ್ರ ಹೇಳ್ಬಹುದು, ಉಳಿದವರು ನಿಂತಲ್ಲೇ ನಿಂತಿರ್ತಾರೆ, ಕಣ್ಣೆದುರಿಗೇ ಶತ್ರು ಪಕ್ಕಕ್ಕೆ ಬರ್ತಿದ್ರೂ ಸರಿ. ಚೌಕಾಬಾರದಲ್ಲಿ ಗರ ಬೀಳದೆ ಕಾಯಿ ಕೊಳೆಯುತ್ತಲ್ಲ, ಅದೇ ಸಂಕಟ. ಅದರ ಮೇಲೆ ಗುಂಪು ಒಂದು ಸಲ ಒಡೀತು ಅಂದ್ರೆ ಮುಗೀತು, ಒಂದು ಸೋತು ಹಿಂದೆ ಸರೀತು, ಇನ್ನೊಂದು ಅಲ್ಲೇ ನಿಂತಿತು, ಮೊನ್ನೆ ಒಂದು ಪಿಪ್ಪಿಗೆ ಹೋಗ್ತಿದ್ದ ಸಾಲು ಇವತ್ತು ನಾಲ್ಕು ಕೇಳುತ್ತೆ. ಆಗ ಎಲ್ಲಿ ಹೊಡೆದಾಡೋದು, ಬರೀ ಜೋಡಿಸೋದೇ ಆಯ್ತು.

ದೂತ ಕುದುರೆ ಮೇಲೆ ಹೋಗೋಷ್ಟರಲ್ಲಿ ಧೂಳು, ಗಲಾಟೆ, ಕೇಳಿಸದವನು ಒಬ್ಬ, ಕೇಳಿಸಿದ್ರೂ ಕೇಳಿಸದಂಗೆ ನಿಂತವನು ಒಬ್ಬ, ಅದನ್ನೆಲ್ಲಾ ಒಂದು ದಾಳದಲ್ಲಿ ಹಾಕಿದ್ದಾರೆ ಅಂತ ಅಜ್ಜ ವಿವರಿಸಿದ್ರು. ಆಫೀಸಲ್ಲಿ ಹನ್ನೊಂದು ಜನರ ಟೀಮ್ ನೋಡ್ಕೊಳ್ಳೋ ನನಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಿರ್ಲಿಲ್ಲ.

ಅಜ್ಜನಿಗೆ ಈ ಆಟದ ಚರಿತ್ರೆ ಹೇಳೋ ಚಟ ಬೇರೆ. ಚಹಾ ಬ್ರೇಕಲ್ಲಿ ಶುರು ಮಾಡಿದ್ರೆ ನಿಲ್ಲಿಸಲ್ಲ. ಪ್ರಷ್ಯಾದಲ್ಲಿ ರೈಸ್ವಿಟ್ಜ್ ಅಂತ ಅಪ್ಪ ಮಗ, ಅಪ್ಪ ಮೇಜಿನ ಮೇಲೆ ಯುದ್ಧದ ಆಟ ಮಾಡಿದ್ದು, ಮಗ 1824ರಲ್ಲಿ ಅದನ್ನ ನಕ್ಷೆ ಮೇಲೆ ಆಡೋ ಹಂಗೆ ತಿದ್ದಿದ್ದು, ಸೈನ್ಯದ ಅಧಿಕಾರಿಗಳಿಗೆ ಅದೇ ತರಬೇತಿ ಆಗಿದ್ದು. ಎಚ್.ಜಿ. ವೆಲ್ಸ್ 1913ರಲ್ಲಿ ಆಟಿಕೆ ಸೈನಿಕರಿಗೆ ನಿಯಮ ಬರೆದಿದ್ದು, ಅದರಲ್ಲಿ ಸ್ಪ್ರಿಂಗ್ ಪಿರಂಗಿಯಿಂದ ಗೊಂಬೆಗಳಿಗೆ ನಿಜವಾಗ್ಲೂ ಗುರಿ ಇಟ್ಟು ಹೊಡೆಯೋದು. ನಾನೂ ಬಿಡ್ಲಿಲ್ಲ, ಚತುರಂಗ ಅಂದ್ರೆ ಏನು ಗೊತ್ತಾ ಅಂದೆ. ಆನೆ, ರಥ, ಕುದುರೆ, ಕಾಲಾಳು, ಸೈನ್ಯದ ನಾಲ್ಕು ಅಂಗ, ಹೆಸರಲ್ಲೇ ವಾರ್‌ಗೇಮ್ ಇದೆ. ಅವರಿಗೆ ಗೊತ್ತಿತ್ತು. ಅವರಿಗೆ ಎಲ್ಲಾ ಗೊತ್ತಿರುತ್ತೆ, ಅದೇ ಬೇಜಾರು.

ಎರಡು ತಿಂಗಳಾದ್ಮೇಲೆ ನಿನ್ನದೇ ಒಂದು ಸೈನ್ಯ ಮಾಡ್ಕೋ ಅಂದ್ರು. ಪಟ್ಟಿ ತೆಗೆದು ಪ್ರಾಚೀನ ಭಾರತದ ಪುಟ ನನ್ನ ಮುಂದೆ ಹಿಡಿದ್ರು. ನಿಜ ಹೇಳ್ಬೇಕು ಅಂದ್ರೆ ಒಳಗೊಳಗೆ ಸ್ವಲ್ಪ ಉರೀತು, ನಾನು ಇಂಡಿಯನ್ ಅಂತ ಇಂಡಿಯನ್ ಸೈನ್ಯನೇ ಯಾಕೆ, ನಾನು ವೈಕಿಂಗ್ ಆಡಬಾರದಾ? ಆದ್ರೆ ಆನೆ ಅಂತ ಇತ್ತಲ್ಲ ಪಟ್ಟಿಯಲ್ಲಿ, ಅಲ್ಲಿಗೆ ಬಾಯಿ ಮುಚ್ಕೊಂಡೆ. ಮೂರು ಆನೆ, ರಥ, ಕುದುರೆ, ಉಳಿದಿದ್ದೆಲ್ಲಾ ಬಿಲ್ಲು ಹಿಡಿದವರು.

ಪಾರ್ಸೆಲ್ ಬಂತು. ಪ್ಲಾಸ್ಟಿಕ್ ಚೀಲದಲ್ಲಿ ಬೂದು ಬಣ್ಣದ ಲೋಹದ ತುಣುಕುಗಳು, ಆನೆ ಎರಡು ಹೋಳಾಗಿ, ಸೊಂಡಿಲು ಬೇರೆ, ಮಾವುತ ಬೇರೆ. ಫೈಲ್ ಹಾಕಿ ಉಜ್ಜಿ, ಸೂಪರ್ ಗ್ಲೂನಲ್ಲಿ ಅಂಟಿಸಿ (ಮಾವುತ ಆನೆಗಿಂತ ಮೊದಲು ನನ್ನ ಹೆಬ್ಬೆರಳಿಗೆ ಅಂಟಿಕೊಂಡ), ಪ್ರೈಮರ್ ಹೊಡೆದು, ಆಮೇಲೆ ಬಣ್ಣ. ಬಿಲ್ಲಾಳುಗಳು ಬೇಗ ಆದ್ರು, ಬಿಳಿ ಪಂಚೆ, ಕಂದು ಮೈ, ಮೇಲೆ ತೆಳ್ಳಗಿನ ಕಂದು ವಾಶ್ ಸುರಿದ್ರೆ ಮಡಿಕೆಗಳಲ್ಲಿ ತಾನೇ ನೆರಳು ನಿಲ್ಲುತ್ತೆ. ಆನೆಗೆ ಮಾತ್ರ ಮೂರು ವಾರ ತಗೊಂಡೆ. ಅಜ್ಜ ಬೂದು ಬಣ್ಣದ ಡಬ್ಬಿ ಕೊಟ್ಟಿದ್ರು. ನಾನು ಬಳಸ್ಲಿಲ್ಲ. ಆನೆ ಬೂದು ಅಂತ ಹೇಳೋರು ಝೂನಲ್ಲಿ ತೊಳೆದು ನಿಲ್ಲಿಸಿದ ಆನೆ ನೋಡಿರೋರು. ನಮ್ಮ ಕಡೆ ತೋಟಕ್ಕೆ ಬರೋ ಆನೆ ಮೈಮೇಲೆ ಮಣ್ಣೆರಚಿಕೊಂಡು ಕೆಂಪಗಿರುತ್ತೆ, ಮಳೆಗಾಲದಲ್ಲಿ ಕಪ್ಪಗೆ, ಕಿವಿ ಅಂಚಲ್ಲಿ ಸೊಂಡಿಲ ಬುಡದಲ್ಲಿ ತಿಳಿ ಗುಲಾಬಿ ಬಣ್ಣದ ಚುಕ್ಕೆ ಚುಕ್ಕೆ. ಸೊನ್ನೆ ನಂಬರ್ ಬ್ರಷ್ಷಲ್ಲಿ ಆ ಚುಕ್ಕೆ ಇಡ್ತಾ ಇದ್ರೆ ಮಗಳು ಉಸಿರು ಬಿಗಿ ಹಿಡ್ಕೊಂಡು ಪಕ್ಕದಲ್ಲಿ ಕೂತಿರೋಳು. ಅಜ್ಜ ನೋಡಿ ಕನ್ನಡಕ ಮೇಲೆ ಮಾಡಿ "ಇದಕ್ಕೇನಾಗಿದೆ, ಚರ್ಮದ ಕಾಯಿಲೆಯಾ?" ಅಂದ್ರು. ಆಮೇಲೆ ನಾನು ಫೋನಲ್ಲಿ ನಮ್ಮೂರ ಫೋಟೋ ತೋರಿಸ್ದೆ. ಆಮೇಲಿನ ವಾರ ಅವರ ಆನೆಗಳೂ ಕೆಂಪಾಗಿದ್ವು.

ಈಗ ನನ್ನ ಸೈನ್ಯದ ಮೊದಲ ಯುದ್ಧ. ಅಜ್ಜ ಅಲೆಕ್ಸಾಂಡರನ ಸೈನ್ಯ ತಂದ್ರು, ನಾನು ಪೋರಸ್. ಕ್ರಿ.ಪೂ. 326, ಜೀಲಂ ನದಿ ದಡ, ಗ್ರೀಕರ ಬಾಯಲ್ಲಿ ಹೈಡಾಸ್ಪಿಸ್. ಸ್ಕೂಲಲ್ಲಿ ಓದಿದ್ದೇ, ಸೆರೆ ಸಿಕ್ಕ ಪೋರಸನ್ನ ಹೇಗೆ ನಡೆಸಿಕೊಳ್ಳಲಿ ಅಂತ ಅಲೆಕ್ಸಾಂಡರ್ ಕೇಳಿದ, ರಾಜನ ಹಾಗೆ ಅಂತ ಇವನು ಹೇಳಿದ, ಅಷ್ಟು ಬರೆದ್ರೆ ಐದು ಮಾರ್ಕ್ಸು. ಹೇಗೆ ಸೋತ ಅಂತ ಮೇಷ್ಟ್ರು ಒಂದೇ ಮಾತಲ್ಲಿ ಮುಗಿಸಿದ್ರು: ಆನೆಗಳು ಬೆದರಿ ತಿರುಗಿ ಬಿದ್ವು.

ನಾನು ಮೂರೂ ಆನೆಯನ್ನ ನಡುವಲ್ಲಿ ಸಾಲಾಗಿ ನಿಲ್ಲಿಸಿ, ಅದರ ಹಿಂದೆ ಬೆನ್ನಿಗೆ ಆನಿಸಿ ಬಿಲ್ಲಿನವರನ್ನ ಇಟ್ಟೆ. ನೋಡೋಕೆ ಜಂಬೂಸವಾರಿ. ಅಜ್ಜ ಏನೋ ಹೇಳೋಕೆ ಬಾಯಿ ತೆಗೆದು ಸುಮ್ಮನಾದ್ರು, ಆಗಲೇ ನನಗೆ ಅನುಮಾನ ಬರ್ಬೇಕಿತ್ತು. ಮೊದಲ ದಾಳ, 2. ಸರಿ, ಆನೆ ಸಾಲು ಮುಂದೆ ಅಂದೆ. ಆನೆ ಇರೋ ಗುಂಪಿಗೆ ಒಂದು ಪಿಪ್ ಜಾಸ್ತಿ ಅಂದ್ರು. ಅಲ್ಲಿಗೆ ಎರಡೂ ಖಾಲಿ. ರಥ, ಕುದುರೆ ಎಲ್ಲಾ ನಿಂತು ನೋಡೋದೇ. ಎರಡನೇ ಸರದಿ, 1. ಆನೆಗೆ ಅದೂ ಸಾಲ್ದು. ಅಷ್ಟರಲ್ಲಿ ಅಜ್ಜ ತಮ್ಮ ಫ್ಯಾಲಾಂಕ್ಸನ್ನ, ಅಂದ್ರೆ ದೊಡ್ಡ ದೊಡ್ಡ ಈಟಿ ಹಿಡಿದು ಒತ್ತೊತ್ತಾಗಿ ನಿಂತ ಕಾಲಾಳುಗಳನ್ನ, ಆನೆ ಹತ್ರ ತರಲೇ ಇಲ್ಲ. ಬದಲಿಗೆ ಆ ಇಬ್ಬರೇ ಇಬ್ಬರು ನಿಂತಿರೋ ಬೇಸು ಇತ್ತಲ್ಲ, ಸೈಲಾಯ್, ಅದನ್ನ ತಂದು ನನ್ನ ಎಡಗಡೆ ಆನೆ ಮುಂದೆ ನಿಲ್ಲಿಸಿದ್ರು. ನನಗೆ ನಗು ಬಂತು. ಅದರ ಅಂಕಿ 2. ಈಟಿ ಹಿಡಿದ ಇಬ್ಬರು ಹುಡುಗರು ಆನೆ ಮುಂದೆ.

ನಾನು 1. ಅವರು 6. ಅವರ ಮೊತ್ತ ಎಂಟು, ನಂದು ಅದಕ್ಕಿಂತ ಕಮ್ಮಿ, ಆದ್ರೆ ಅರ್ಧಕ್ಕಿಂತ ಜಾಸ್ತಿ. ಹಿಂದೆ ಸರಿಸೋಣ ಅಂತ ಕೈ ಹಾಕ್ದೆ. ಅಜ್ಜ ಪುಸ್ತಕ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ರು. ಹೆಚ್ಚಿನವರ ಕೈಲಿ ಸೋತ್ರೆ ಆನೆ ಹಿಂದೆ ಸರಿಯುತ್ತೆ. ಸೈಲಾಯ್ ಕೈಲಿ ಸೋತ್ರೆ ಅರ್ಧ ಗಿರ್ಧ ಏನೂ ಲೆಕ್ಕ ಇಲ್ಲ, ಸತ್ತಂಗೆ. ಚುರುಕಾಗಿ ಓಡಾಡಿ ದೂರದಿಂದ ಈಟಿ ಎಸೆದು ಮಾವುತನನ್ನ ಕೆಡವೋರು ಅವರೇ, ಆನೆ ಅವರನ್ನ ಹಿಡಿಯೋಕಾಗಲ್ಲ. ಮೂರು ವಾರ ಚುಕ್ಕೆ ಇಟ್ಟ ಆನೆ ಬೋರ್ಡ್ ಪಕ್ಕಕ್ಕೆ ಹೋಯ್ತು.

ಇದಾದ್ರೂ ಹೋಗ್ಲಿ. ಆಮೇಲಿಂದು ಕೇಳಿ. ನಡುವಿನ ಆನೆ ಅಲೆಕ್ಸಾಂಡರನ ಕುದುರೆಗಳ ಮೇಲೆ ಹೋಯ್ತು, ದಾಳದಲ್ಲಿ ಸೋತ್ತು, ಈ ಸಲ ಹಿಂದೆ ಸರಿಯೋದು ತಾನೆ, ಸರಿಸ್ದೆ. ಹಿಂದೆ ನನ್ನ ಬಿಲ್ಲಿನವರು ಇದ್ರಲ್ಲ. ಬೇರೆ ಯಾರಾದ್ರೂ ಆಗಿದ್ರೆ ದಾರಿ ಬಿಡ್ತಿದ್ರು ಇಲ್ಲಾ ಒತ್ತಿಕೊಂಡು ಹಿಂದೆ ಹೋಗ್ತಿದ್ರು, ಹಿಂದೆ ಬರ್ತಿರೋದು ಆನೆ ಆದ್ರೆ ಅಡ್ಡ ಸಿಕ್ಕವರು ಸತ್ರು, ಯಾರ ಕಡೆಯವರು ಅಂತ ಕೇಳಲ್ಲ. ಅಜ್ಜ ಆ ಬೇಸನ್ನ ಎತ್ತಿ ನನ್ನ ಕೈಗೇ ಕೊಟ್ರು, ಅವರು ಎತ್ತಿಡಲಿಲ್ಲ, ನನ್ನ ಆನೆ ಕೊಂದಿದ್ದು ನಾನೇ ಎತ್ತಿಡಬೇಕು ಅಂತ.

ಒಂದು ನಿಮಿಷ ನಾನು ಆಟದಲ್ಲೇ ಇರ್ಲಿಲ್ಲ. ಏಳೆಂಟು ವರ್ಷದವನಿದ್ದಾಗ ನಮ್ಮ ಕಾಫಿ ತೋಟಕ್ಕೆ ಆನೆ ಬಂದಿತ್ತು. ಕೆಳಗಿನ ಗದ್ದೆ ಕಡೆಯಿಂದ ಒಂದು ಗುಂಪು ಪಟಾಕಿ ಹೊಡೆದು ಕಾಡಿನ ಕಡೆ ಅಟ್ತಿದ್ರು, ಕಾಡು ಮೇಲಿದೆ, ಪಟಾಕಿ ಕೆಳಗೆ, ಆನೆ ಮೇಲೆ ಹೋಗ್ಬೇಕು ಅನ್ನೋದು ಎಲ್ಲರ ಲೆಕ್ಕ. ಆನೆ ಆ ಲೆಕ್ಕ ಕೇಳ್ಲಿಲ್ಲ. ತಿರುಗಿದ್ದು ನೇರ ಪಟಾಕಿ ಹೊಡೀತಿದ್ದವರ ಮೇಲೆ. ಪುಣ್ಯಕ್ಕೆ ಯಾರಿಗೂ ಏನೂ ಆಗ್ಲಿಲ್ಲ, ಪಕ್ಕದ ತೋಟದವರ ಜೀಪು ಮಾತ್ರ ಚಪ್ಪಟೆ. ಅಪ್ಪ ಅವತ್ತು ರಾತ್ರಿ ಊಟಕ್ಕೆ ಕೂತಾಗ ಹೇಳಿದ್ದು ಇವತ್ತಿಗೂ ನೆನಪಿದೆ, ಆನೆ ಎದುರಿಗೆ ನಿಂತ್ರೆ ಹೆದರು, ಆನೆ ಹಿಂದೆ ನಿಂತ್ರೆ ಇನ್ನೂ ಹೆದರು ಅಂತ. ಸಕಲೇಶಪುರದವನು ನಾನು, ಇದು ಗೊತ್ತಿದ್ದೂ ಬಿಲ್ಲಿನವರನ್ನ ಆನೆ ಬೆನ್ನಿಗೆ ನಿಲ್ಲಿಸಿದ್ನಲ್ಲ, ಎದುರಿಗಿರೋ ಇಂಗ್ಲಿಷ್ ಅಜ್ಜನಿಗೆ ಆ ಸಾಲು ಪುಸ್ತಕದಿಂದ ಗೊತ್ತಿತ್ತು.

ನಾಲ್ಕು ತುಂಡು ಹೋಗಿ, ಎದುರಾಳಿಗಿಂತ ಜಾಸ್ತಿ ಕಳ್ಕೊಂಡಿದ್ರೆ ಸೋಲು. ನನ್ನವು ನಾಲ್ಕು ಹೋಗೋಕೆ ನಲವತ್ತು ನಿಮಿಷ ಸಾಕಾಯ್ತು.

ಆ ಕೆಟ್ಟ ಹಠಕ್ಕೆ ಲೈಬ್ರರಿಯಿಂದ ಅರ್ರಿಯನ್ ಅನ್ನೋ ಹಳೇ ಗ್ರೀಕ್ ಇತಿಹಾಸಕಾರ ಬರೆದ ಅಲೆಕ್ಸಾಂಡರನ ಚರಿತ್ರೆ ತಂದು ಓದ್ದೆ. ಪೋರಸ್ ದಡ್ಡನಲ್ಲ. ಅಲೆಕ್ಸಾಂಡರ್ ರಾತ್ರಿ ರಾತ್ರಿ ದಡದುದ್ದಕ್ಕೂ ಸೈನ್ಯ ಓಡಾಡಿಸಿ ಗದ್ದಲ ಎಬ್ಬಿಸಿ, ಈಗ ದಾಟ್ತೀನಿ ಆಗ ದಾಟ್ತೀನಿ ಅಂತ ಹೆದರಿಸಿ ಹೆದರಿಸಿ ಇವರಿಗೆ ಸಾಕುಮಾಡಿ, ಕೊನೆಗೆ ಕ್ರಾಟೆರಸ್ ಅನ್ನೋ ಸೇನಾಪತಿಯನ್ನ ಕ್ಯಾಂಪಲ್ಲೇ ಬಿಟ್ಟು, ತಾನು ನದಿಯ ಮೇಲ್ಗಡೆ ಹೋಗಿ ಗುಡುಗು ಮಳೆಯ ರಾತ್ರಿಯಲ್ಲಿ ದಾಟಿದ. ಮೊದಲು ತಡೆಯೋಕೆ ಬಂದ ಪೋರಸನ ಮಗನ ರಥಗಳು ಕೆಸರಲ್ಲಿ ಕೂತ್ವು. ಭಾರತದ ಬಿಲ್ಲು ಆಳೆತ್ತರ, ಒಂದು ತುದಿ ನೆಲಕ್ಕೂರಿ ಎಡಗಾಲಲ್ಲಿ ಒತ್ತಿ ಹಿಡಿದು ಹೆದೆ ಎಳೀಬೇಕು ಅಂತ ಅದೇ ಅರ್ರಿಯನ್ ಇನ್ನೊಂದು ಕಡೆ ಬರೆದಿದ್ದಾನೆ, ಕರ್ಟಿಯಸ್ ಅನ್ನೋ ಇನ್ನೊಬ್ಬ ಹೇಳೋ ಪ್ರಕಾರ ಅವತ್ತು ನೆಲ ಜಾರ್ತಿತ್ತು, ಬಿಲ್ಲು ಊರೋಕೇ ಆಗ್ಲಿಲ್ಲ. ಆಮೇಲೆ ಆನೆಗಳು, ಗಾಯ ಆಗಿ, ಮಾವುತರು ಬಿದ್ದು, ಇಕ್ಕಟ್ಟಲ್ಲಿ ಸಿಕ್ಕಿಕೊಂಡು, ನಮ್ಮವರು ಅವರು ಅನ್ನದೆ ತುಳಿದ್ವು. ಶತ್ರುಗಳಿಗಾದ್ರೆ ಹಿಂದೆ ಸರಿಯೋಕೆ ಜಾಗ ಇತ್ತು, ಪೋರಸನ ಕಡೆಯವರಿಗೆ ಇರ್ಲಿಲ್ಲ. ನನ್ನ ಬಿಲ್ಲಿನವರಿಗೂ ಇರ್ಲಿಲ್ಲ.

ಮೇಷ್ಟ್ರು ಒಂದು ವಾಕ್ಯದಲ್ಲಿ ಹೇಳಿದ್ದೂ ಇದನ್ನೇ, ಬಾರ್ಕರೀಸ್ ಹೇಳಿದ್ದೂ ಇದನ್ನೇ.

ಆಮೇಲಿನ ತಿಂಗಳುಗಳಲ್ಲಿ ಕಲಿತಿದ್ದು ಹೆಚ್ಚಾಗಿ ಚಿಕ್ಕಚಿಕ್ಕ ವಿಷ್ಯ. ಯಾರ ಸರದಿಯೇ ಇರ್ಲಿ ತಾಗಿಕೊಂಡಿರೋ ಇಬ್ಬರೂ ಹೊಡೆದಾಡ್ತಾರೆ, ನನ್ನ ಸರದಿಯಲ್ಲೂ ನಾನು ಸಾಯಬಹುದು, ಇದು ತಲೆಗೆ ಹೋಗೋಕೆ ಐದು ಆಟ ಬೇಕಾಯ್ತು. ಬಿಲ್ಲಿನವರಿಗೆ ಕುದುರೆ ಎದುರು ಅಂಕಿ 4, ಕಾಲಾಳು ಎದುರು 2, ಹಂಗಾಗಿ ಯಾರ ಮುಂದೆ ಯಾರನ್ನ ನಿಲ್ಲಿಸೋದು ಅನ್ನೋದ್ರಲ್ಲೇ ಅರ್ಧ ಆಟ ಮುಗಿದಿರುತ್ತೆ. ಕ್ಯಾಂಪ್, ಅಂದ್ರೆ ಬೋರ್ಡ್ ಮೇಲೆ ನಮ್ಮ ಸೈನ್ಯದ ಬಿಡಾರ, ಕಳ್ಕೊಂಡ್ರೆ ಎರಡು ತುಂಡು ಸತ್ತ ಲೆಕ್ಕ, ಅದನ್ನ ಕಾಯದೆ ಬಿಟ್ಟು ಒಂದು ಸಲ ಪೂರ್ತಿ ಗೆದ್ದಿದ್ದ ಆಟ ಸೋತೆ. ಅಳತೆ ವಿಷಯದಲ್ಲಿ ಮಾತ್ರ ಒಂದು ಕಹಿ ಅನುಭವ. ಬೇರೆ ಊರಿನ ಒಂದು ಪಂದ್ಯದಲ್ಲಿ ಒಬ್ಬ ಮಹಾನುಭಾವ ಅರ್ಧ ಮಿಲಿಮೀಟರ್ ಗ್ಯಾಪ್ ಇದೆ, ಹಂಗಾಗಿ ಇದು ಗುಂಪೇ ಅಲ್ಲ ಅಂತ ಹತ್ತು ನಿಮಿಷ ಕಾಡಿಸ್ದ, ನಾನು ಹೊಸಬ ಅಂತ ಗೊತ್ತಿದ್ದೇ. ನಮ್ಮ ಅಜ್ಜನ ಪದ್ಧತಿ ಬೇರೆ, ಸರಿಸೋ ಮೊದಲು ಬಾಯಲ್ಲಿ ಹೇಳ್ಬೇಕು, ಇದು ಗುಂಪು, ಇದು ನಿನ್ನ ಬಿಲ್ಲಿನ ಅಳತೆಯಿಂದ ಆಚೆ ನಿಲ್ತಿದೆ, ಒಪ್ಪಿಗೆನಾ? ಎದುರಿನವರು ಹೂಂ ಅಂದ್ರೆ ಆಮೇಲೆ ಮೇಜು ಅಲ್ಲಾಡಿದ್ರೂ ಮಾತು ಅಲ್ಲಾಡಲ್ಲ. ಈ ಪದ್ಧತಿ ಯಾವ ಪುಟದಲ್ಲೂ ನಾನು ನೋಡಿಲ್ಲ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ನಿಯಮ ಅದೇ.

ಇನ್ನು ಕೊನೆಗೆ ಹೋದ ನವರಾತ್ರಿ ಕಥೆ ಹೇಳಿ ಮುಗಿಸ್ತೀನಿ. ನನ್ನ ಹೆಂಡತಿ ಮೈಸೂರಿನವಳು, ಎಲ್ಲೇ ಇರ್ಲಿ ಗೊಂಬೆ ಕೂರಿಸೋದು ತಪ್ಪಲ್ಲ. ಪಟ್ಟದ ಗೊಂಬೆ ಮೇಲಿನ ಮೆಟ್ಟಿಲಲ್ಲಿ, ಕೆಳಗಿನ ಮೆಟ್ಟಿಲಲ್ಲಿ ದಸರಾ ಮೆರವಣಿಗೆ. ಸಂಜೆ ಮನೆಗೆ ಬಂದು ನೋಡ್ತೀನಿ, ನನ್ನ ಮೂರೂ ಆನೆ ಮೆರವಣಿಗೆಯಲ್ಲಿವೆ. ನಡುವಿನದರ ಮೇಲೆ ಚಿನ್ನದ ಬಣ್ಣದ ಚಾಕಲೇಟ್ ಕಾಗದದಲ್ಲಿ ಅಂಬಾರಿ.

"ಮಂಗಳವಾರ ಆಟ ಇದೆ ಕಣೇ."

"ಕೂರಿಸಿದ್ಮೇಲೆ ವಿಜಯದಶಮಿ ತನಕ ಎತ್ತಂಗಿಲ್ಲ ರೀ. ನಿಮಗೆ ಗೊತ್ತಿಲ್ವಾ?"

ಗೊತ್ತಿತ್ತು. ಹಳೇ ರಟ್ಟು ತೆಗೆದೆ. 40 ಮಿಲಿಮೀಟರಿನ ಮೂರು ಚೌಕ ಕತ್ತರಿಸಿ ಕನ್ನಡದಲ್ಲಿ ಆನೆ ಅಂತ ಬರೆದೆ. ಮಗಳು ನೋಡಿ, ಅಪ್ಪಾ ಇದರ ಮುಖ ಯಾವ ಕಡೆ ಅಂದ್ಲು. ಹೌದಲ್ಲ, ಆನೆ ಬೇಸು ಉದ್ದ ಅಗಲ ಎರಡೂ ಒಂದೇ, ಮುಂದು ಹಿಂದು ಗೊತ್ತಾಗಲ್ಲ, ಈ ಆಟದಲ್ಲಿ ಮುಖ ಯಾವ ಕಡೆ ಅನ್ನೋದೇ ಎಲ್ಲಾ. ಅವಳೇ ಮೂರಕ್ಕೂ ಸೊಂಡಿಲು, ಎರಡು ಕಣ್ಣು ಬರೆದು ಕೊಟ್ಲು. ಅಜ್ಜ ಆ ರಟ್ಟನ್ನ ಬಹಳ ಹೊತ್ತು ಹಿಡಿದು ನೋಡಿ, ಅಕ್ಷರದ ಮೇಲೆ ಬೆರಳಾಡಿಸಿ, "ಆ... ನೆ" ಅಂದ್ರು. ಮೂಲ ಆನೆಗಳೆಲ್ಲಿ ಅಂದಾಗ ರಜೆ ಮೇಲಿದ್ದಾರೆ, ಹಬ್ಬ ಅಂದೆ. ಸರಿ ಅಂತ ತಲೆ ಅಲ್ಲಾಡಿಸಿ ಸೈಲಾಯ್ ತಂದು ಮುಂದೆ ಇಟ್ರು.

ಈ ಸಲ ಬಿಲ್ಲಿನವರನ್ನ ಆನೆ ಹಿಂದೆ ಇಟ್ಟಿರ್ಲಿಲ್ಲ, ಅಷ್ಟಾದ್ರೂ ಬುದ್ಧಿ ಬಂದಿತ್ತು. ರಥ ಇಟ್ಟಿದ್ದೆ ಅಂತ ಮರೆತೇ ಹೋಗಿತ್ತು, ಎರಡು ಸರದಿ ಹಿಂದೆ ನಾನೇ ಸರಿಸಿದ್ದು.

ಮನೆಗೆ ಬಂದ್ರೆ ಹೆಂಡತಿ ಕೋಸಂಬರಿ ಕಲಸ್ತಾ ಗೆದ್ರಾ ಅಂತ ಕೇಳಿದ್ಲು. ಇಲ್ಲ ಕಣೇ, ಆನೆ ತುಳೀತು ಅಂದೆ. ಅವಳು ಮೆಟ್ಟಿಲ ಕಡೆ ತಿರುಗಿ ನೋಡಿದ್ಲು.

"ಇಲ್ಲೇ ಇದ್ವಲ್ರೀ."